ಐವತ್ತರ ಮೇಲೆ ಪೇಟಿ ಹಿಡಿದೆ

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲದ ಊರುಗಳಲ್ಲಿ ಭಜನಿ ಮೇಳ ಅಂದರೆ ಒಂದು ಪೇಟಿ, ಒಂದು ಜೋಡಿ ತಬಲಾ, ನಾಲ್ಕೈದು ಜೋಡಿ ತಾಳ, ಒಂದು ದಮ್ಮಡಿ, ಮತ್ತೆ ಹಾಡಲಿಕ್ಕೆ ಬಂದು ಕೂತ ಮಂದಿ. ತಾಳ ಹಾಕುವವರು ಬೇಕಾದಷ್ಟು ಸಿಗುತ್ತಾರೆ. ಹಾಡುವವರೂ ಸಿಗುತ್ತಾರೆ. ಸಿಗದವನು ಪೇಟಿ ಮಾಸ್ತರ. ಹಿಂದೆ ಬಯಲಾಟ ಕಲಿಸುವ ಮಾಸ್ತರರು ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಎರಡು ಮೂರು ತಿಂಗಳು ಇಲ್ಲೇ ಉಳಿಯುತ್ತಿದ್ದರು, ಹೋಗುವಾಗ ಜೋಳ, ಕಡಲೆ, ಒಂದು ಜೋಡಿ ಧೋತರ ಒಯ್ಯುತ್ತಿದ್ದರು. ಅವರ ಕೈಕೆಳಗೆ ಕಲಿತವರು ಪ್ರತಿ ಊರಲ್ಲಿ ಒಬ್ಬಿಬ್ಬರು ಇದ್ದರು. ಬಯಲಾಟ ಕಮ್ಮಿಯಾಯಿತು, ಆ ಮಾಸ್ತರರು ಬರುವುದು ನಿಂತಿತು, ಕಲಿತವರಿಗೆ ವಯಸ್ಸಾಯಿತು.

ನಮ್ಮೂರಲ್ಲಿ ಉಳಿದಿದ್ದ ಒಬ್ಬರೇ ಹಿರಿಯರು 2018ರ ದೀಪಾವಳಿ ಮುಂದೆ ತೀರಿಕೊಂಡರು. ಸೋಮವಾರದ ಭಜನಿ ನಾಲ್ಕು ವಾರ ಬರೀ ತಾಳದ ಮೇಲೆ ನಡೆಯಿತು. ಒಬ್ಬ ಮೇಲೆ ಎಳೆದರೆ ಇನ್ನೊಬ್ಬ ಕೆಳಗೆ ಹಿಡಿಯುತ್ತಿದ್ದ. ಶ್ರುತಿ ಹಿಡಿದು ಕೂಡುವವನು ಇಲ್ಲದಿದ್ದರೆ ಹತ್ತು ಮಂದಿ ಹತ್ತು ದಿಕ್ಕಿಗೆ ಹೋಗುತ್ತಾರೆ. ಐದನೇ ವಾರದಿಂದ ಮಂದಿ ಬರುವುದು ಬಿಟ್ಟರು.

ಸೋಮವಾರದ ಭಜನಿ ನಿಂತದ್ದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಕೂಡಿಸಿ ರಾತ್ರಿಯೆಲ್ಲಾ ಭಜನಿ ಮಾಡುವ ಪದ್ಧತಿ ಇದೆ. ಬೆಳಗಾಗುವ ತನಕ ಮನೆಯವರನ್ನು ಒಬ್ಬಂಟಿ ಬಿಡಬಾರದು ಅಂತ. 2019ರ ಜನವರಿಯಲ್ಲಿ ಒಂದು ಸಾವಾಯಿತು. ಪಕ್ಕದೂರಿನ ಮೇಳ ಬೇರೆ ಕಡೆ ಹೋಗಿತ್ತು. ಹುಡುಗರು ಸೌಂಡ್ ಬಾಕ್ಸ್ ತಂದು ಮೊಬೈಲಿನಿಂದ ಭಜನಿ ಹಚ್ಚಿದರು. ಮೂರನೇ ಪದ ಮುಗಿದು ನಾಲ್ಕನೆಯದು ಶುರುವಾಗುವ ಮೊದಲು ಅದರಲ್ಲಿ ಸಿಮೆಂಟಿನ ಜಾಹೀರಾತು ಬಂತು. ಹೆಣದ ಮುಂದೆ ಕೂತವರೆಲ್ಲಾ ನೆಲ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಆ ಹುಡುಗರ ತಪ್ಪೂ ಅಲ್ಲ, ಅವರು ಇದ್ದದ್ದರಲ್ಲಿ ಮಾಡಿದರು.

ಪೇಟಿ ಕಲಿಯಬೇಕು ಅಂತ ನಾನು ನಿಶ್ಚಯ ಮಾಡಿದ್ದು ಅವತ್ತು. ಆಗ ನನಗೆ 51. ಏಳನೇತ್ತ ಮುಗಿಸಿ ಸಾಲಿ ಬಿಟ್ಟವನು, ಸಂಗೀತದ ಗಂಧ ಅಂದರೆ ತಾಳ ಹಾಕಿ ಗೊತ್ತು ಅಷ್ಟೆ.

ಕೃಷಿ ಪತ್ರಿಕೆಯಲ್ಲಿ ಪೇಟಿಯ ಮಾತು ಯಾಕೆ ಅಂತ ಕೆಲವರು ಕೇಳಬಹುದು. ತೋಟದವರಿಗೆ ವರ್ಷವಿಡೀ ಕೆಲಸ. ಮಳೆ ನಂಬಿ ಬದುಕುವ ನಮಗೆ ಹಾಗಿಲ್ಲ. ಹಿಂಗಾರಿ ಜೋಳ, ಕಡಲೆ ರಾಶಿಯಾದ ಮೇಲೆ ಮುಂಗಾರಿನ ತನಕ ಕೈ ಖಾಲಿ. ಮಳೆ ಹಿಂದೆ ಮುಂದೆ ಆದರೆ ಮತ್ತೂ ಖಾಲಿ. ಆ ಹೊತ್ತು ಎಲ್ಲಿ ಹೋಗುತ್ತದೆ ಅನ್ನುವುದು ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. ಕಲಿಯಬೇಕು ಅನ್ನುವ ನನ್ನ ವಯಸ್ಸಿನವರು ಬೇರೆ ಊರುಗಳಲ್ಲೂ ಇದ್ದಾರು, ಅವರಿಗೆ ಉಪಯೋಗವಾಗಲಿ ಅಂತ ಬರೆದಿದ್ದೇನೆ.

ಪೇಟಿ ಕೊಳ್ಳುವಾಗ

ನನಗೆ ಸಿಕ್ಕದ್ದು ಹಳೆಯದು. ನಿಂತುಹೋದ ಒಂದು ನಾಟಕ ಕಂಪನಿಯಲ್ಲಿ ಬಾರಿಸುತ್ತಿದ್ದವರ ಮನೆಯಲ್ಲಿ ಇತ್ತು. 9,000 ರೂಪಾಯಿ ಕೊಟ್ಟೆ. ಎರಡು ಕ್ವಿಂಟಲ್ ಕಡಲೆಯ ದುಡ್ಡು. ಮನೆಯಲ್ಲಿ, "ಈ ವಯಸ್ಸಿನ್ಯಾಗ ಇದೊಂದು ಬಾಕಿ ಇತ್ತೇನು?" ಅಂದರು. ಬಾಕಿ ಇತ್ತು.

ನೋಡಿ ತರಲು ಒಬ್ಬ ಗವಾಯಿಗಳನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಕಣ್ಣು ಕಾಣುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದ್ದು ಕಲಿತವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟ ಜಾಗ ಅದು. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾದರು. ನಮ್ಮ ಗವಾಯಿಗಳು ನನಗಿಂತ ಹದಿನೆಂಟು ವರ್ಷ ಸಣ್ಣವರು, ನನಗೆ ಕಾಕಾರ ಅಂತಾರೆ, ನಾನು ಅವರಿಗೆ ಗವಾಯಿಗಳ ಅಂತೀನಿ.

ಅವರು ಪೇಟಿಯನ್ನು ಎತ್ತು ಹಿಡಿದು ನೋಡಿದ ಹಾಗೆ ನೋಡಿದರು. ಮೊದಲು ಯಾವ ಮನೆಯನ್ನೂ ಒತ್ತದೆ, ಮುಂದಿನ ಗುಂಡಿಗಳನ್ನೆಲ್ಲಾ ಒಳಗೆ ತಳ್ಳಿ, ತಿದಿಯನ್ನು ನಾಲ್ಕು ಸಲ ಮೆಲ್ಲಗೆ ಒತ್ತಿದರು. ಗಾಳಿ ತುಂಬಿದ ಮೇಲೆ ತಿದಿ ಬಿಗಿಯಾಗಿ ನಿಲ್ಲಬೇಕು. ತಾನೇ ಮೆತ್ತಗಾಗಿ ಒಳಗೆ ಹೋದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ತುಂಬಿದ ಮೇಲೆ ಜಬರದಸ್ತಿ ಒತ್ತಬಾರದು, ಚರ್ಮದ ಅಂಟು ಬಿಡುತ್ತದೆ. ಆಮೇಲೆ ಗುಂಡಿ ಎಳೆದು ಗಾಳಿ ಹಾಕಿ ಸುಮ್ಮನೆ ಕಿವಿಗೊಟ್ಟರು. ಏನೂ ಒತ್ತದಿದ್ದಾಗ ಒಳಗೆ ಸಣ್ಣಗೆ ಗುಂಯ್ ಅಂದರೆ ಯಾವುದೋ ಮನೆ ಸರಿಯಾಗಿ ಮುಚ್ಚಿಕೊಂಡಿಲ್ಲ. ಕೊನೆಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲಾ ಮನೆಗಳನ್ನೂ ಒಂದೊಂದಾಗಿ ಒತ್ತಿದರು. ಅವು 39 ಇದ್ದವು. ಎರಡು ಮನೆಯಲ್ಲಿ ಕರಕರ ಸಪ್ಪಳ ಇತ್ತು. "ಇದು ಧೂಳು, ಹೋಗತೈತಿ. ತೊಗೊಳ್ರಿ ಕಾಕಾರ" ಅಂದರು.

ಒಳಗಿನ ಹದ ಸರಳ. ಹಿತ್ತಾಳೆಯ ಪಟ್ಟಿಯ ಮೇಲೆ ಹಿತ್ತಾಳೆಯದೇ ತೆಳ್ಳನೆಯ ನಾಲಿಗೆ ಹೊಡೆದಿರುತ್ತಾರೆ, ಅದು ರೀಡು. ಗಾಳಿ ಹಾಯ್ದಾಗ ಅದು ನಡುಗಿ ಸ್ವರ ಬರುತ್ತದೆ. ಉದ್ದ ನಾಲಿಗೆಗೆ ದಪ್ಪ ಸ್ವರ, ಗಿಡ್ಡ ನಾಲಿಗೆಗೆ ಸಣ್ಣ ಸ್ವರ. ಗುಜರಾತಿನ ಪಾಲಿತಾಣಾದಲ್ಲಿ ಮಾಡುವ ರೀಡಿಗೆ ಹೆಸರು ಇದೆ. ಒಂದು ಸಾಲು ರೀಡು ಇದ್ದರೆ ಸಿಂಗಲ್, ಎರಡು ಸಾಲು ಇದ್ದರೆ ಡಬಲ್. ಎರಡು ಸಾಲಿನದರಲ್ಲಿ ಒಂದು ಖರ್ಜ, ಅಂದರೆ ತಳದ ದಪ್ಪ ಸ್ವರ, ಇನ್ನೊಂದು ನರ. ಬಯಲಲ್ಲಿ ಹತ್ತು ಮಂದಿ ನಡುವೆ ಕೇಳಬೇಕಾದರೆ ಡಬಲ್ ಬೇಕು. ಮನೆಯಲ್ಲಿ ಕಲಿಯಲಿಕ್ಕೆ ಸಿಂಗಲ್ ಸಾಕು, ಹಗುರವೂ ಹೌದು. ಮನೆಗಳ ಹಲಗೆಯನ್ನೇ ಆಚೆ ಈಚೆ ಸರಿಸಿ ಶ್ರುತಿ ಬದಲಿಸುವ ಪೇಟಿಯೂ ಬರುತ್ತದೆ. ಅದರ ತೂಕವೂ ಜಾಸ್ತಿ, ರೇಟೂ ಜಾಸ್ತಿ. ಹೊಸಬನಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಸರಿಸುವ ಅನುಕೂಲ ಇದ್ದರೆ ಬೆರಳು ಬೇರೆ ಶ್ರುತಿ ಕಲಿಯುವುದೇ ಇಲ್ಲ.

ತಿದಿ ಎರಡು ಇರುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಎಡಗೈಯಲ್ಲಿ ಒತ್ತುವ ಹೊರಗಿನ ತಿದಿ ಬರೀ ಗಾಳಿ ತುಂಬುತ್ತದೆ. ತಳದಲ್ಲಿ ಸ್ಪ್ರಿಂಗ್ ಇಟ್ಟ ಇನ್ನೊಂದು ತಿದಿ ಆ ಗಾಳಿಯನ್ನು ಹಿಡಿದಿಟ್ಟು ಒಂದೇ ಸಮ ಬಿಡುತ್ತದೆ. ಕೃಷಿಹೊಂಡ ಇದ್ದ ಹಾಗೆ. ಮಳೆ ರಪ್ಪನೆ ಬಂದು ನಿಂತರೂ ಹೊಂಡದಿಂದ ನೀರು ಸಮ ಹೋಗುತ್ತದಲ್ಲ. ಇದು ತಿಳಿದ ಮೇಲೆ ನನ್ನ ಎಡಗೈ ಕಂಬಾರನ ತಿದಿಯ ಹಾಗೆ ಭರ್ ಭರ್ ಎಳೆಯುವುದು ನಿಂತು ಸಾವಕಾಶ ಆಯಿತು.

ಕರಿ ಮನೆಯಿಂದ ಶುರು

ಪೇಟಿಯಲ್ಲಿ ಒಂದು ಸಪ್ತಕಕ್ಕೆ ಏಳು ಬಿಳಿ ಮನೆ, ಐದು ಕರಿ ಮನೆ, ಒಟ್ಟು 12. ಅಲ್ಲಿಂದ ಮುಂದೆ ಮತ್ತೆ ಅದೇ. ಬಿಳಿ 1, ಬಿಳಿ 2, ಕರಿ 1, ಕರಿ 2 ಅಂತ ಎಣಿಸುತ್ತಾರೆ. ಹಾಡುವವರು "ನಂದು ಕರಿ ಎರಡು" ಅಂದರೆ ಅವರ ಷಡ್ಜ, ಅಂದರೆ ಸಾ, ಎರಡನೇ ಕರಿ ಮನೆಯ ಮೇಲೆ ಅಂತ ತಿಳಿಯಬೇಕು. ನಮ್ಮ ಮೇಳದ ಗಂಡಸರು ಕರಿ 1 ಅಥವಾ ಕರಿ 2ಕ್ಕೆ ಹಾಡುತ್ತಾರೆ. ಹೆಣ್ಣುಮಕ್ಕಳು ಕೂತರೆ ಕರಿ 4, ಕರಿ 5ಕ್ಕೆ ಹೋಗಬೇಕಾಗುತ್ತದೆ.

ಸಾಮಾನ್ಯವಾಗಿ ಎಲ್ಲರೂ ಬಿಳಿ 1ರಿಂದ ಕಲಿಸುತ್ತಾರೆ, ಸಾಲಾಗಿ ಬಿಳಿ ಮನೆ ಒತ್ತುತ್ತಾ ಹೋದರೆ ಸಾ ರೇ ಗ ಮ ಪ ಧ ನಿ ಆಗುತ್ತದೆ. ನಮ್ಮ ಗವಾಯಿಗಳು ನನಗೆ ಕರಿ ಮನೆಯಿಂದ ಶುರು ಮಾಡಿಸಿದರು. ಅದರ ಕಾರಣ ಬಹಳ ಚಂದ ಇದೆ. ಬಿಳಿ ಮನೆಗಳು ಕೈಗೆ ಎಲ್ಲಾ ಒಂದೇ ಥರ ಹತ್ತುತ್ತವೆ. ಕರಿ ಮನೆಗಳು ಎರಡರ ಗುಂಪು, ಮೂರರ ಗುಂಪು ಅಂತ ಎದ್ದು ಕಾಣುತ್ತವೆ, ಕಣ್ಣಿಗಲ್ಲ, ಬೆರಳಿಗೆ. "ಕಣ್ಣು ಮುಚ್ಚರಿ ಕಾಕಾರ, ಈಗ ಹುಡುಕ್ರಿ" ಅಂದರು. ಮೂರರ ಗುಂಪಿನ ಮೊದಲನೆಯದು ಕರಿ 3. ಅದರ ಮೇಲೆ ತೋರುಬೆರಳು, ಮುಂದಿನ ಎರಡಕ್ಕೆ ನಡುಬೆರಳು, ಉಂಗುರಬೆರಳು. ಆಮೇಲೆ ಕೈ ಸರಿಸಿ ಎರಡರ ಗುಂಪಿಗೆ ಮತ್ತೆ ತೋರುಬೆರಳು, ನಡುಬೆರಳು. ಅಷ್ಟು ಒತ್ತಿದರೆ ಸಾ ರೇ ಗ ಪ ಧ. ಅದು ಭೂಪಾಲಿ ರಾಗ! ಮೈಸೂರು ಕಡೆಯವರು ಮೋಹನ ಅನ್ನುತ್ತಾರೆ. ಒಂದೂ ಬಿಳಿ ಮನೆ ಬೇಡ, ಹೆಬ್ಬೆರಳು ಬೇಡ, ಬೆಳಕೂ ಬೇಡ. ನಮ್ಮೂರಲ್ಲಿ ರಾತ್ರಿ ಕರೆಂಟು ಹೋಗುವುದು ಹೊಸದಲ್ಲ, ನನ್ನ ಅರ್ಧ ರಿಯಾಜು ಕತ್ತಲಲ್ಲೇ ಆಗಿದೆ.

ಇದಕ್ಕಿಂತ ಮೋಜಿನ ಸಂಗತಿ ಮುಂದೆ ಬಂತು. ಅದೇ ಐದು ಕರಿ ಮನೆ ಇಟ್ಟುಕೊಂಡು ಸಾ ಮಾತ್ರ ಬದಲಿಸಿದರೆ ರಾಗವೇ ಬದಲಾಗುತ್ತದೆ. ಕರಿ 3ರಿಂದ ಭೂಪಾಲಿ. ಕರಿ 1ನ್ನು ಸಾ ಅಂತ ಹಿಡಿದರೆ ದುರ್ಗಾ. ಕರಿ 2ರಿಂದ ಧಾನಿ. ಕರಿ 4ರಿಂದ ಮಧ್ಯಮಾದ ಸಾರಂಗ. ಕರಿ 5ರಿಂದ ಮಾಲಕಂಸ, ದಕ್ಷಿಣದವರ ಹಿಂದೋಳ. ಮನೆಗಳು ಅವೇ, ಬಿತ್ತುವ ಮೂಲೆ ಬೇರೆ. ನಾನು ಇದನ್ನು ಮೊದಲ ಸಲ ಬಾರಿಸಿ ನೋಡಿದ ರಾತ್ರಿ ಹನ್ನೆರಡರ ತನಕ ಏಳಲಿಲ್ಲ. ಭೂಪಾಲಿ ಬಾರಿಸಿ ಹಾಗೇ ಕರಿ 5ಕ್ಕೆ ಬಂದು ನಿಂತರೆ ಮನೆಯೊಳಗಿನ ಗಾಳಿಯೇ ಬದಲಾದ ಹಾಗೆ ಆಗುತ್ತದೆ. ಪೇಟಿ ಮನೆಯಲ್ಲಿ ಇದ್ದವರು ಯಾರಾದರೂ ಇವತ್ತೇ ಮಾಡಿ ನೋಡಬಹುದು, ಐದು ಮನೆ, ಒಂದು ಬೆರಳು ಸಾಕು. ರಾಗ ಅಂದರೆ ಬರೀ ಸ್ವರಗಳ ಪಟ್ಟಿ ಅಲ್ಲ, ನಡಿಗೆ ಬೇರೆ ಇರುತ್ತದೆ ಅಂತ ಗವಾಯಿಗಳು ಹೇಳುತ್ತಾರೆ. ಅದು ನಿಜ. ಆದರೆ ಬಾಗಿಲು ತೆಗೆಯಲು ಇದು ಸಾಕು.

ಮೂರು ತಿಂಗಳ ಮೇಲೆ ಕರಿ 1ಕ್ಕೆ ಸಾ ಇಟ್ಟು ಪೂರ್ತಿ ಏಳು ಸ್ವರ ಕಲಿಸಿದರು. ಕರಿ 1 ಸಾ, ಕರಿ 2 ರೇ, ಬಿಳಿ 4 ಗ, ಕರಿ 3 ಮ, ಕರಿ 4 ಪ, ಕರಿ 5 ಧ, ಮುಂದಿನ ಬಿಳಿ 1 ನಿ. ನಮ್ಮ ಮೇಳ ಹಾಡುವ ಶ್ರುತಿ ಅದೇ ಆದ್ದರಿಂದ ಕಲಿತದ್ದು ಸೋಮವಾರಕ್ಕೇ ಉಪಯೋಗಕ್ಕೆ ಬಂತು.

ಒಕ್ಕಲಿಗನ ಬೆರಳು

ಮೂವತ್ತೈದು ವರ್ಷ ಕುಂಟಿ, ಕುರ್ಚಿಗಿ, ಹಗ್ಗ ಹಿಡಿದ ಕೈ ಇದು. ತೋರುಬೆರಳು, ನಡುಬೆರಳು ಮಾತು ಕೇಳುತ್ತವೆ. ಉಂಗುರಬೆರಳು ಎತ್ತಿದರೆ ಕಿರುಬೆರಳು ಜೊತೆಗೆ ಏಳುತ್ತದೆ, ಜೋಡಿ ಎತ್ತಿನ ಹಾಗೆ. ಅದನ್ನು ಬೇರೆ ಮಾಡಲು ನನಗೆ ಒಂದು ವರ್ಷ ಹಿಡಿಯಿತು. ಉಪಾಯ ಅಂದರೆ ಪೇಟಿ ಬಿಟ್ಟು ಹೊರಗೆ ಇದ್ದಾಗಲೂ ತೊಡೆಯ ಮೇಲೆ ಬೆರಳು ಒಂದೊಂದೇ ಎತ್ತಿ ಇಳಿಸುವುದು. ಬಸ್ಸಿನಲ್ಲಿ, ಎಪಿಎಂಸಿಯಲ್ಲಿ ತೂಕಕ್ಕೆ ಕಾಯುವಾಗ, ಎಲ್ಲಿ ಕೂತರೂ. ಪೇಟಿಯಲ್ಲಿ ಒಂದು ಅನುಕೂಲ ಇದೆ, ಜೋರು ಬೇಕಾಗಿಲ್ಲ, ಮೆಲ್ಲಗೆ ಮುಟ್ಟಿದರೆ ಸ್ವರ ಬರುತ್ತದೆ. ಸ್ವರದ ಏರಿಳಿತ ಎಲ್ಲಾ ಎಡಗೈಯ ತಿದಿಯಲ್ಲಿ. ಹಾಗಾಗಿ ಬೆರಳು ದಪ್ಪಗೆ, ಒರಟಾಗಿದ್ದರೂ ನಡೆಯುತ್ತದೆ. ಕುಂಟಿ ಹೊಡೆದು ಬಂದ ದಿನ ಕೈ ನಡುಗುತ್ತದೆ. ಅಂಥ ದಿನ ಬರೀ ಸಾ ಹಿಡಿದು ಹಾಡುವುದು, ಬೆರಳಿನ ಕೆಲಸ ಬೇಡ.

"ಮೊದಲು ಬಾಯಾಗ ಬರ್ಲಿ, ಆಮ್ಯಾಲ ಬೆರಳಾಗ ತಾನ ಬರತೈತಿ" ಅನ್ನುವುದು ಗವಾಯಿಗಳ ಪಾಠ. ಸಾರೇಗ, ರೇಗಪ, ಗಪಧ, ಪಧಸಾ, ಇದನ್ನು ಹೋಗುತ್ತಾ ಬರುತ್ತಾ ಬಾಯಲ್ಲಿ ಹೇಳಿದೆ. ಜೋಳಕ್ಕೆ ಹಕ್ಕಿ ಕಾಯುವಾಗ ಅಟ್ಟಣಿಗೆಯ ಮೇಲೆ ಕೂತು ಹೇಳಿದರೆ ಎರಡು ಕೆಲಸ ಒಂದರಲ್ಲಿ. ಎಡಿ ಹೊಡೆಯುವಾಗ ಎತ್ತಿನ ಹೆಜ್ಜೆಗೆ ಕೆಹರವಾ ತಾಳ ಕೂಡುತ್ತದೆ. ಎಂಟು ಮಾತ್ರೆ, ಧಾ ಗೆ ನಾ ತಿ ನಾ ಕ ಧಿ ನಾ. ಎತ್ತು ತಾಳ ತಪ್ಪುವುದಿಲ್ಲ. ಸಾಲು ಮುಗಿದು ತಿರುಗುವಾಗ ಮಾತ್ರ ತಪ್ಪುತ್ತದೆ.

ಬೆಳಿಗ್ಗೆ ಇಪ್ಪತ್ತು ನಿಮಿಷ, ರಾತ್ರಿ ಊಟಕ್ಕೆ ಮೊದಲು ಅರ್ಧ ತಾಸು, ಇಷ್ಟೇ ನನ್ನ ಲೆಕ್ಕ. ಹಿಂಗಾರಿ ಬಿತ್ತಿಗೆಯ ಹದ ಬಂದಾಗ ಹದಿನೈದು ದಿನ ಪೇಟಿಯ ಮುಖ ನೋಡಲು ಆಗುವುದಿಲ್ಲ, ರಾಶಿಯ ಹೊತ್ತಿಗೂ ಅಷ್ಟೆ. ಬಿಟ್ಟು ಮತ್ತೆ ಕೂತರೆ ಮೂರು ದಿನ ಬೆರಳು ಒಣಗಿದ ಹಗ್ಗದ ಹಾಗೆ ಇರುತ್ತವೆ, ನಾಲ್ಕನೇ ದಿನಕ್ಕೆ ದಾರಿಗೆ ಬರುತ್ತವೆ. ವಾರಕ್ಕೊಮ್ಮೆ ನಾಲ್ಕು ತಾಸು ಕೂಡುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು. ಹನಿ ನೀರಾವರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಗವಾಯಿಗಳು ಬರುವ ಬಸ್ಸು ನಿಂತಿತು. ಪಾಠ ನಿಲ್ಲಲಿಲ್ಲ. ಫೋನನ್ನು ಪೇಟಿಯ ಮುಂದೆ ಇಟ್ಟು ನಾನು ಬಾರಿಸುವುದು, ಅವರು ಅಲ್ಲಿಂದ ಹೇಳುವುದು. "ಗದಿಂದ ಪಕ್ಕ ಹೋಗುವಾಗ ತಿದಿ ನಿಂತತಿ ನೋಡ್ರಿ" ಅನ್ನುವರು. ಎದುರಿಗೆ ಕೂತು ನೋಡಿದವರಿಗೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ಪರದೇಶದ ಪೆಟ್ಟಿಗೆ

ಪೇಟಿ ನಮ್ಮದಲ್ಲ, ಬಿಳಿಯರದು ಅಂತ ಮೂಗು ಮುರಿಯುವವರು ಇದ್ದಾರೆ. ಹೌದು. ಪ್ಯಾರಿಸಿನ ಡಿಬೇನ್ ಅನ್ನುವವನು 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟು ಮಾಡಿಸಿದ. ಅದನ್ನು ಕುರ್ಚಿಯ ಮೇಲೆ ಕೂತು ಕಾಲಲ್ಲಿ ತಿದಿ ತುಳಿದು ಬಾರಿಸುವುದಾಗಿತ್ತು. ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ಹಾಗೆ ಅದನ್ನು ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಹನ್ನೆರಡು ಸ್ವರ ಕಟ್ಟಿಹಾಕಿದ ಪೆಟ್ಟಿಗೆ, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಮೀಂಡು ಇದರಲ್ಲಿ ಬರುವುದಿಲ್ಲ ಅಂತ ಆಕಾಶವಾಣಿ 1940ರಿಂದ ಇದನ್ನು ಹೊರಗಿಟ್ಟಿತ್ತು. ಆ ನಿರ್ಬಂಧ ಸಡಿಲಾದದ್ದು 1971ರಲ್ಲಿ. ಮೀಂಡು ಬರುವುದಿಲ್ಲ ಅನ್ನುವುದು ಸುಳ್ಳಲ್ಲ. ಆದರೆ ಅದೇ ಕಾಲದಲ್ಲಿ ಬೆಳಗಾವಿಯ ರಾಮಭಾವು ಬಿಜಾಪುರೆ ಅವರು ಇದೇ ಪೆಟ್ಟಿಗೆಯ ಮೇಲೆ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು, ನೂರಾರು ಮಂದಿಗೆ ಕಲಿಸಿದರು. ಇನ್ನು ಪರದೇಶದ್ದು ಅನ್ನುವ ಮಾತು. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಎಲ್ಲವೂ ಸಮುದ್ರದಾಚೆಯಿಂದ ಬಂದವೇ. ಬ್ಯಾಡಗಿ ಮೆಣಸಿನಕಾಯಿಯನ್ನು ಯಾರಾದರೂ ಪರದೇಶಿ ಅಂತಾರೇನು?

ನಮ್ಮೂರ ಒಬ್ಬ ಹುಡುಗ ಹುಬ್ಬಳ್ಳಿ ಕಡೆ ಜಾತ್ರೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಾನೆ. ಅವನೂ ಮದುವೆಯಾದ ಮೇಲೆ ಕಲಿತವನು. ದಪ್ಪ ತಂತಿ, ನಾಲ್ಕೇ ನಾಲ್ಕು, ಒಂದು ತಂತಿ ಸಾ ಅಂದರೆ ಅದರ ಮುಂದಿನದು ಮ. ಊರಿಗೆ ಬಂದಾಗ ನನ್ನ ಪೇಟಿಯ ಖರ್ಜ ಎಳೆದು ಕೇಳಿ, "ಕಾಕಾ, ನಂದೂ ನಿಮ್ದೂ ಒಂದ ಕೆಲಸ. ಮಂದಿ ಹಾಡಾಕ ನೆಲಾ ಹಾಸೂದು" ಅಂದ. ಅವನ ಗಿಟಾರು ಯಾರಿಗೂ ಬೇರೆಯಾಗಿ ಕೇಳಿಸುವುದಿಲ್ಲವಂತೆ, ನಿಲ್ಲಿಸಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರಂತೆ.

ಆ ರಾತ್ರಿ

2022ರ ಜನವರಿಯಲ್ಲಿ ನಮ್ಮ ಓಣಿಯ ಹಿರಿಯಮ್ಮ ಒಬ್ಬರು ತೀರಿಕೊಂಡರು. ತೊಂಬತ್ತರ ಹತ್ತಿರದ ಜೀವ. ನನಗೆ ಎರಡು ಸಾಲು ಸರಗಿ ಎಳೆಯಲು ಬರುತ್ತಿದ್ದ ಕಾಲದಿಂದ ನೋಡಿದವರು. ಸಂಜೆ ಏಳಕ್ಕೆ ಅವರ ಮಗ ನಮ್ಮ ಬಾಗಿಲಿಗೆ ಬಂದು, "ಅಣ್ಣಾ, ಪೇಟಿ ತರ್ತೀಯೇನು?" ಅಂದ. ಆಗ ನನಗೆ ಗಟ್ಟಿಯಾಗಿ ಬರುತ್ತಿದ್ದ ಪದ ಹನ್ನೊಂದು. ಎಲ್ಲವೂ ಕರಿ 1ಕ್ಕೆ. ರಾತ್ರಿ ಬೆಳಗಾಗಲು ಹನ್ನೊಂದು ಪದ ಎಲ್ಲಿ ಸಾಕಾಗುತ್ತವೆ? ಗವಾಯಿಗಳಿಗೆ ಫೋನು ಹಚ್ಚಿದೆ. "ಗೊತ್ತಿಲ್ಲದ ಪದ ಬಂದ್ರ ಸಾ ಪ ಹಿಡಿದು ಕೂಡ್ರಿ. ತಿದಿ ನಿಲ್ಲಿಸಬ್ಯಾಡ್ರಿ, ಅಷ್ಟ" ಅಂದರು.

ಹತ್ತರ ಹೊತ್ತಿಗೆ ಶುರುವಾಯಿತು. ಹಾಡುವ ಹಿರಿಯರು ಮೊದಲನೇ ಪದವನ್ನೇ ಕರಿ 2ಕ್ಕೆ ಎತ್ತಿದರು. ಕರಿ 2 ಸಾ ಆದರೆ ಪ ಇರುವುದು ಕರಿ 5ರ ಮೇಲೆ. ಅವೆರಡನ್ನೇ ಹಿಡಿದು ಕೂತೆ. ಎರಡು ಪದ ಹಾಗೇ ಆದವು. ಮೂರನೆಯದು ಶರೀಫರದು, ಬಾಯಲ್ಲಿ ಎಷ್ಟೋ ಸಲ ಹೇಳಿದ್ದು. ಕರಿ 2ಕ್ಕೆ ಯಾವತ್ತೂ ಬಾರಿಸಿರಲಿಲ್ಲ, ಆದರೂ ಪಲ್ಲವಿಯ ಕೊನೆಯ ಸ್ವರ ಬೆರಳಿಗೆ ತಾನಾಗಿ ಸಿಕ್ಕಿತು. ಬಾಯಲ್ಲಿ ಬಂದದ್ದು ಬೆರಳಿಗೆ ಬರುತ್ತದೆ ಅಂತ ಗವಾಯಿಗಳು ಹೇಳಿದ್ದು ಅದು ಇರಬೇಕು. ನಡುರಾತ್ರಿ ಚಳಿ ಹಿಡಿಯಿತು. ಬೆರಳು ಮರಗಟ್ಟಿದವು. ಅಂಗಳದಲ್ಲಿ ತೊಗರಿ ಕಟಿಗೆಯ ಬೆಂಕಿ ಹಾಕಿದ್ದರು, ಪದ ಪದದ ನಡುವೆ ಎದ್ದು ಹೋಗಿ ಕೈ ಕಾಸಿ ಬಂದೆ. ಮೂರು ಗಂಟೆಯ ಮೇಲೆ ಹಾಡುವವರ ದನಿ ಇಳಿದು ತಾವಾಗಿ ಕರಿ 1ಕ್ಕೆ ಬಂದರು. ಅಲ್ಲಿಂದ ನನ್ನ ಹನ್ನೊಂದು ಪದ ಶುರುವಾದವು. ನಿಜಗುಣರ ಪದ, ಸರ್ಪಭೂಷಣರ ಪದ, ದಾಸರ ಪದ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಎರಡನೇ ಸಲ ಹಾಡಿದರೆ ಬೇಡ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಆ ಮಗ ಕೈ ಹಿಡಿದು, "ನಮ್ಮವ್ವನ ರಾತ್ರಿ ಊರವರ ಕೈಯಾಗ ಆತು" ಅಂದ. ನನ್ನ ಎಡಗೈ ಎರಡು ದಿನ ಮೇಲೆ ಏಳಲಿಲ್ಲ.

ಆಮೇಲೆ ಸೋಮವಾರದ ಭಜನಿ ಮತ್ತೆ ಶುರುವಾಯಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕು ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷ ನಮ್ಮ ಕಡಲೆ ಗೇಣು ಎತ್ತರಕ್ಕೇ ಒಣಗಿತು. ಭಜನಿಗೆ ಮಾತ್ರ ಎಂದೂ ಇಲ್ಲದಷ್ಟು ಮಂದಿ. ಹೊಲದಲ್ಲಿ ಕೆಲಸ ಇರಲಿಲ್ಲ, ಮನೆಯಲ್ಲಿ ಕೂತರೆ ಸಾಲದ ಮಾತು. ಕೆಲವರು ಹಾಡುತ್ತಿರಲಿಲ್ಲ, ಗೋಡೆಗೆ ಒರಗಿ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು.

ಪೇಟಿಯ ಆರೈಕೆ

ಒಕ್ಕಲಿಗರ ಮನೆಯಲ್ಲಿ ಪೇಟಿಗೆ ಮೂರು ವೈರಿಗಳು. ಇಲಿ, ಧೂಳು, ಥಂಡಿ. ಇಲಿ ಚರ್ಮ ಮತ್ತು ಬಟ್ಟೆ ಕಡಿಯುತ್ತದೆ, ಆದ್ದರಿಂದ ಕಾಳಿನ ಚೀಲದ ಕೋಣೆಯಲ್ಲಿ ಪೇಟಿ ಇಡಬಾರದು. ನಾನು ತಗಡಿನ ಟ್ರಂಕಿನಲ್ಲಿ ಇಡುತ್ತೇನೆ, ಟ್ರಂಕಿನ ತಳಕ್ಕೆ ಒಣಗಿದ ಬೇವಿನ ಎಲೆ, ಜೋಳಕ್ಕೆ ಹಾಕುವ ಹಾಗೆ. ನುಸಿ ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೂ ನಡೆಯುತ್ತದೆ. ರಾಶಿ ಮಾಡುವ ದಿನಗಳಲ್ಲಿ ಪೇಟಿ ತೆರೆಯಲೇಬಾರದು. ತಿದಿ ಗಾಳಿಯನ್ನು ಎಳೆಯುವಾಗ ಹೊಟ್ಟಿನ ಧೂಳನ್ನೂ ಎಳೆಯುತ್ತದೆ, ಅದು ರೀಡಿನ ನಾಲಿಗೆಯ ಸಂದಿಯಲ್ಲಿ ಕೂತು ಕರಕರ ಅನ್ನುತ್ತದೆ ಅಥವಾ ಸ್ವರವೇ ಬರುವುದಿಲ್ಲ. ಹಾಗಾದರೆ ಮೇಲಿನ ಹಲಗೆ ಬಿಚ್ಚಿ, ಆ ರೀಡಿನ ನಾಲಿಗೆಯ ಕೆಳಗೆ ತೆಳು ಕಾಗದದ ಚೂರು ತೂರಿಸಿ ಮೆಲ್ಲಗೆ ಎಳೆದರೆ ಕಸ ಬರುತ್ತದೆ. ಚಾಕು, ಪಿನ್ನು ಹಾಕಿ ಕೆರೆಯಬಾರದು. ನಾಲಿಗೆಯ ತುದಿ ಸವೆದರೆ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ, ಆಮೇಲೆ ಸರಿಮಾಡಲು ಕಸುಬುದಾರರೇ ಬೇಕು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಮನೆಗಳು ಹಿಡಿಯುತ್ತವೆ. ಬಿಸಿಲಿಗೆ ಇಟ್ಟರೆ ಸೀಳು ಬಿಡುತ್ತದೆ. ಬೆಚ್ಚಗಿನ ಒಳಮನೆಯಲ್ಲಿ ಎರಡು ದಿನ ಇಟ್ಟರೆ ತಾನೇ ಸರಿಹೋಗುತ್ತದೆ. ಬಾರಿಸಿದ ಮೇಲೆ ತಿದಿ ಮುಚ್ಚಿ ಕೊಕ್ಕೆ ಹಾಕಿಯೇ ಇಡಬೇಕು.

ಈಗ ನನಗೆ ಅರವತ್ತು ಚಿಲ್ಲರೆ ಪದ ಬರುತ್ತವೆ, ಕರಿ 1, ಕರಿ 2 ಎರಡಕ್ಕೂ. ಕರಿ 4ಕ್ಕೆ ಕೈ ಇನ್ನೂ ತಡವರಿಸುತ್ತದೆ, ಹೆಣ್ಣುಮಕ್ಕಳ ಮೇಳ ಕರೆದರೆ ಗವಾಯಿಗಳನ್ನೇ ಕರೆಸುತ್ತೇವೆ. ಒಂಬತ್ತನೇತ್ತ ಓದುವ ಒಬ್ಬ ಹುಡುಗಿ ಮತ್ತು ಟ್ರ್ಯಾಕ್ಟರ್ ಓಡಿಸುವ ಒಬ್ಬ ಹುಡುಗ ಸಂಜೆ ಬಂದು ಐದು ಕರಿ ಮನೆ ಕಲಿಯುತ್ತಿದ್ದಾರೆ. ಹುಡುಗಿಯ ಬೆರಳು ನನಗಿಂತ ಚುರುಕು. ಸದ್ಯದ ಚಿಂತೆ ತಬಲಾದ್ದು. ಬಾರಿಸುವವರಿಗೆ 72 ವರ್ಷ, ಬಲಗೈ ನಡುಗಲು ಶುರುವಾಗಿದೆ. ಗವಾಯಿಗಳಿಗೆ ಗುರುತಿನ ಒಬ್ಬ ತಬಲಾ ಕಲಿಸುವವರು ಕೊಪ್ಪಳದಲ್ಲಿ ಇದ್ದಾರಂತೆ. ಟ್ರ್ಯಾಕ್ಟರ್ ಹುಡುಗನನ್ನು ಕರೆದುಕೊಂಡು ಕಡಲೆ ರಾಶಿ ಮುಗಿದ ಮೇಲೆ ಹೋಗಿ ಮಾತಾಡಿಸಿ ಬರಬೇಕು.